ಟೇಪು ಮುಗಿದ ಜಾಗ

ಐದು ಹಾಡು ಹೇಳು ಅಂದಳು ಟ್ಯಾಮ್ಸಿನ್,
ಅಕ್ಕನ ಮೊಮ್ಮಗಳು, ಬೆರಳು ಮಡಚಲು ಸಿದ್ಧಳಾಗಿ.
ಸಾಲ್ಟ್ ಚಾಪೆಲ್‌ನವರ ಹಾಡಲ್ಲಿ ಐದೇ ಆರಿಸು ಅನ್ನುವುದು
ಐದು ಹಲ್ಲು ಇಟ್ಟುಕೋ, ಮಿಕ್ಕಿದ್ದು ಕೀಳುತ್ತೇನೆ ಅಂದ ಹಾಗೆ.
ಆಗಲಿ, ಎಣಿಸಿಕೋ.

ಮೊದಲನೆಯದು ‘ಬಿಳಿ ಕೈಗವಸು’.
ಎಂಬತ್ತನಾಲ್ಕರ ಚಳಿಗಾಲ, ಇದೇ ಹಲ್ ಊರು,
ಹೆಸಲ್ ರಸ್ತೆಯ ಮೀನು ಸೀಳುವ ಕಾರ್ಖಾನೆ.
ಬೆಳಿಗ್ಗೆ ಆರಕ್ಕೇ ಐಸಿನ ತೊಟ್ಟಿಯೊಳಗೆ
ಮೊಣಕೈವರೆಗೆ ನಾನು.
ಅವರಲ್ಲಿ ಡ್ರಮ್ ಬಾರಿಸುವವನಿರಲಿಲ್ಲ,
ಇದ್ದದ್ದೊಂದು ಯಂತ್ರ. ದಣಿಯದು, ಕುಡಿಯದು, ತಾಳ ತಪ್ಪದು.
ತಲೆಯೊಳಗೆ ಅದು ಬಡಿದ ಹಾಗೆ ನನ್ನ ಚೂರಿ:
ತಲೆ, ಬಾಲ, ಬೆನ್ನು, ಮುಳ್ಳು,
ತಲೆ, ಬಾಲ, ಬೆನ್ನು, ಮುಳ್ಳು.
ಹುಡುಗಿ ಚುರುಕಾಗಿದ್ದಾಳೆ ಅಂದ ಮೇಸ್ತ್ರಿ ಆಸ್ಕ್ವಿತ್.
ಅವನಿಗೇನು ಗೊತ್ತು, ನಾನು ಕುಣಿಯುತ್ತಿದ್ದೆ.

ಎರಡನೆಯದು...
ಎರಡನೆಯದು ಇರಲಿ. ಆಮೇಲೆ.

ಮೂರು, ‘ಜೇಡನ ಮದುವೆ’. ಹಾಡು ಅಷ್ಟಕ್ಕಷ್ಟೆ.
ಆದರೆ ಅದಕ್ಕೋಸ್ಕರ ನಾನೂ ನೆರಿಸ್ಸೂ
ಶನಿವಾರ ಸಂಜೆ ಸಕ್ಕರೆ ನೀರು ಸವರಿ
ಕೂದಲನ್ನು ಮುಳ್ಳುಹಂದಿ ಮಾಡಿಕೊಂಡು,
ಕಿವಿಯವರೆಗೂ ಕಾಡಿಗೆ ಎಳೆದು,
ಅಜ್ಜಿಯ ಕಿಟಕಿಯ ಲೇಸು ಪರದೆಯನ್ನು
ಕಪ್ಪು ಬಣ್ಣದಲ್ಲಿ ಕುದಿಸಿ, ಹೊಲಿದು, ತೊಟ್ಟು,
ಮೈತುಂಬ ಪಚೋಲಿ ಎಣ್ಣೆ. ಎಷ್ಟು ಬಳಿದರೂ
ಅದರಡಿ ಮೀನು ಇದ್ದೇ ಇರುತ್ತಿತ್ತು.
ಬಸ್ಸಿಳಿದು ಸಾವಿನ ದೇವತೆಗಳಂತೆ ಹೆಜ್ಜೆಯಿಟ್ಟರೆ
ಬೀದಿಯುದ್ದಕ್ಕೂ ಹಿಂದೆ ಒಂದು ಬೆಕ್ಕು.

ನಾಲ್ಕು, ‘ಒಂಬತ್ತನೇ ಮೆಟ್ಟಿಲು’.
ಗಿಟಾರ್ ಶುರುವಾಗುವ ಮುಂಚೆ ಯಾರೋ ಕೆಮ್ಮುತ್ತಾರೆ.
ಆ ಕೆಮ್ಮಿಗಾಗಿ.

ಐದನೆಯದಕ್ಕೆ ಜಾಗ ಖಾಲಿ ಬಿಡು,
ಅದು ವಾರಕ್ಕೊಂದು.

ಸರಿ, ಎರಡಕ್ಕೆ ಬರುತ್ತೇನೆ. ‘ಬಂದರಿನ ವಿಧವೆ’.
ಕಾಲಿನ್ ಥ್ವೇಟ್ ತನ್ನ ರೆಕಾರ್ಡಿನಿಂದ ಹಿಡಿಸಿ ಕೊಟ್ಟದ್ದು,
ಟೇಪಿನ ಕಡೆಯ ಹಾಡು.
ನನ್ನ ಕಪ್ಪು ಬಟ್ಟೆ ಕಂಡಾಗಲೆಲ್ಲ ಅಮ್ಮ
‘ಯಾರು ಸತ್ತರು ಅಂತ ಈ ವೇಷ?’ ಅನ್ನುವಳು,
ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುವಳು.
ಅಪ್ಪನ ದೋಣಿ ಐಸ್‌ಲ್ಯಾಂಡಿನಾಚೆ ಕಾಣೆಯಾದಾಗ ನನಗೆ ಏಳು.
ಹಲಗೆಯಿಲ್ಲ, ಹೆಣವಿಲ್ಲ, ಗೋರಿಯಿಲ್ಲ.
ಅವಳು ಕಪ್ಪು ತೊಡಲೇ ಇಲ್ಲ;
ತೊಟ್ಟರೆ ಒಪ್ಪಿಕೊಂಡ ಹಾಗೆ.
ಹನ್ನೊಂದು ವರ್ಷ ಅದೇ ಹಳದಿ ಕಾರ್ಡಿಗನ್.

ಒಂದು ರಾತ್ರಿ ಇಸ್ತ್ರಿ ಬಟ್ಟೆ ಹೊತ್ತು ಮೇಲೆ ಬಂದವಳು
ಬಾಗಿಲಲ್ಲೇ ನಿಂತಳು.
ಮಂಜಿನೊಳಗಿಂದ ಹಡಗನ್ನು ಕರೆವ ಕೊಂಬಿನಷ್ಟು
ತಗ್ಗಿದ ಆ ದನಿ.
ಬಟ್ಟೆ ಇಳಿಸದೆಯೇ ಮಂಚದಂಚಿಗೆ ಕೂತಳು.
ಹಾಡಿನ ಹೆಂಗಸು ಕಿಟಕಿಯಲ್ಲಿ ದೀಪ ಹಚ್ಚಿಟ್ಟಳು,
ಕಟಕ್.
‘ಆಮೇಲೆ?’
‘ಇಷ್ಟೇ ಅಮ್ಮ. ಇಷ್ಟೇ ಹಿಡಿಸಿದ್ದು.’
ಮಡಿಸಿದ್ದ ಟವೆಲನ್ನೇ ಮತ್ತೆ ಮಡಿಸಿದಳು.
‘ಇನ್ನೊಂದು ಸಲ ಹಾಕು.’

ಹೋದ ವರ್ಷ, ತಿಕ್ಕಿ ತೊಳೆದ ಹೊಸ ಡಿಸ್ಕ್ ಬಂತು.
ಆಲೂಗಡ್ಡೆ ಸುಲಿಯುತ್ತ ಕೇಳಿದೆ.
ದೀಪದ ಆಚೆಗೂ ಇದೆ ಹಾಡು, ಒಂದು ನಿಮಿಷ ಚಿಲ್ಲರೆ.
ಯಂತ್ರ ಸುಮ್ಮನಾಗುತ್ತದೆ. ಗಿಟಾರೊಂದೇ.
ಮೆಟ್ಟಿಲ ಮೇಲೆ ಒದ್ದೆ ಬೂಟು.
ಅವನು ಬಾಗಿಲು ಬಡಿಯುತ್ತಾನೆ,
ಅವಳು ತೆರೆಯುತ್ತಾಳೆ.
ಅಷ್ಟು ಸಲೀಸು.

ಅಮ್ಮ ಹೋಗಿ ಆರು ವರ್ಷ.
ಕೇಳಿಸಬೇಕಿತ್ತೋ, ಕೇಳದೆ ಹೋದದ್ದೇ ಸರಿಯೋ,
ಸಿಪ್ಪೆಯ ರಾಶಿಯ ಮುಂದೆ ಕೂತವಳಿಗೆ ತಿಳಿಯಲಿಲ್ಲ.
ಹಾಡಿನವನ ಮೇಲೆ ಸಿಟ್ಟು ಬಂತು,
ನಲವತ್ತು ವರ್ಷಕ್ಕೆ ಮೊದಲ ಸಲ.

ಎರಡನೆಯದು ಟೇಪಿನದ್ದು ಅಂತ ನೆನಪಿಟ್ಟುಕೋ,
ಡಿಸ್ಕಿನದ್ದಲ್ಲ.
ಈಗಲೂ ಅವಳು ದೀಪ ಹಚ್ಚುವ ಹೊತ್ತಿಗೆ
ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓಡಿ
ಗುಂಡಿ ಒತ್ತುತ್ತೇನೆ.

ಟ್ಯಾಮ್ಸಿನ್ ಏನೂ ಅನ್ನಲಿಲ್ಲ.
ಮಡಚದ ಒಂದು ಬೆರಳು
ಹಾಗೇ ನಿಂತಿತ್ತು.